ಎರಡು ಕಟ್ಟಡಗಳ ಪುಸ್ತಕ

ಹೊಲಿಗೆಯಮ್ಮ ಆ ಸಿಸ್ಟರನ್ನು ಮೊದಲು ನೋಡಿದ್ದು ತನ್ನ ಗಂಡನ ಮಂಚದ ಪಕ್ಕದಲ್ಲಿ. ಲಕ್ವ ಹೊಡೆದು ಅವನನ್ನು ಆಸ್ಪತ್ರೆಗೆ ಸೇರಿಸಿದ ಮೂರನೆಯ ದಿನ, ಬೆಳಗಿನ ಹತ್ತು ಗಂಟೆಯ ಹೊತ್ತು. ಫ್ಲಾಸ್ಕಿಗೆ ಬಿಸಿನೀರು ತುಂಬಿಸಿಕೊಂಡು ಅವಳು ವಾರ್ಡಿಗೆ ಬಂದಾಗ ಬಿಳಿ ಸಮವಸ್ತ್ರದ ಒಬ್ಬ ಹೆಂಗಸು ಸ್ಟೂಲಿನ ಮೇಲೆ ಕುಳಿತು, ತೊಡೆಯ ಮೇಲೆ ನೋಟ್‌ಬುಕ್ ಬಿಚ್ಚಿಕೊಂಡು, ಗಂಡನ ಬಾಯನ್ನೇ ನೋಡುತ್ತಿದ್ದರು. ಗಂಡ ಎಣಿಸುತ್ತಿದ್ದ. ಹೆಂಡತಿಯ ಹೆಸರು ಬಾರದ ಬಾಯಲ್ಲಿ, ನೀರು ಬೇಕೆನ್ನಲೂ ಬಾರದ ಬಾಯಲ್ಲಿ, ಒಂದು, ಎರಡು, ಮೂರು ಎಂದು ಅಂಕಿಗಳು ಸಾಲು ಹಿಡಿದು ಬರುತ್ತಿದ್ದವು. ಹದಿನಾರಕ್ಕೆ ಬಂದು ನಿಂತ. ಉಸಿರೆಳೆದುಕೊಂಡು ಮತ್ತೆ ಒಂದರಿಂದ ಹಿಡಿದ. ಮತ್ತೆ ಹದಿನಾರಕ್ಕೇ ನಿಂತ.

"ನೀವು ಇವರಿಗೆ ಏನಾಗ್ಬೇಕು?" ಸಿಸ್ಟರ್ ಕೇಳಿದರು.

"ಹೆಂಡತಿ."

"ಅಕ್ಕ, ಒಂದು ಕೇಳ್ಲಾ? ಇವರು ಯಾಕೆ ಹದಿನಾರಕ್ಕೇ ನಿಲ್ತಾರೆ? ಬೆಳಿಗ್ಗೆಯಿಂದ ಹನ್ನೊಂದು ಸಲ ಎಣಿಸಿದ್ದಾರೆ. ಒಂದ್ಸಲಾನೂ ಹದಿನೇಳು ಬಂದಿಲ್ಲ."

ಮೂರು ದಿನದಲ್ಲಿ ಡಾಕ್ಟರುಗಳು ಅವಳನ್ನು ಬಹಳ ಕೇಳಿದ್ದರು. ಬೀಡಿ ಸೇದ್ತಿದ್ರಾ, ಬಿಪಿ ಇತ್ತಾ, ಬಿದ್ದಾಗ ಯಾವ ಕಡೆ ಬಿದ್ರು. ಇಂಥ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಅವಳಿಗೆ ಉತ್ತರ ಗೊತ್ತಿದ್ದ ಪ್ರಶ್ನೆಯೂ ಅದೊಂದೇ.

"ಹದಿನಾರಾದ್ರೆ ಒಂದು ಮಡಿಕೆ ಮುಗೀತು, ಅದಕ್ಕೆ," ಎಂದಳು.

ಗಂಡ ಬೈಂಡಿಂಗ್ ಅಂಗಡಿಯಲ್ಲಿ ಮೂವತ್ತೆಂಟು ವರ್ಷ ಕಾಗದ ಮಡಚಿದವನು. ಅಚ್ಚಾಗಿ ಬಂದ ದೊಡ್ಡ ಹಾಳೆಯನ್ನು ಮೂರು ಸಲ ಮಡಚಿದರೆ ಹದಿನಾರು ಪುಟ. ಮಡಚಿ, ಪುಟ ಎಣಿಸಿ, ಪಕ್ಕಕ್ಕಿಟ್ಟು, ಇನ್ನೊಂದು ಹಾಳೆ ಎತ್ತಿಕೊಳ್ಳುವುದು. ಅವನು ಮಡಚಿದ್ದನ್ನು ಎದುರಿನ ಸ್ಟೂಲಿನಲ್ಲಿ ಕುಳಿತು ಇವಳು ಹೊಲಿಯುವುದು. ಅದಕ್ಕೇ ಅಂಗಡಿಯಲ್ಲಿ ಇವಳ ಹೆಸರೇ ಹೊಲಿಗೆಯಮ್ಮ ಎಂದಾಗಿತ್ತು. ಮೂರನೆಯ ಕ್ಲಾಸಿಗೆ ಶಾಲೆ ಬಿಟ್ಟವಳು. ಅಕ್ಷರ ಕೂಡಿಸಿ ಕೂಡಿಸಿ ಓದುತ್ತಿದ್ದಳು, ಅಂಕಿಗಳನ್ನು ಮಾತ್ರ ಕಣ್ಣು ಮುಚ್ಚಿಯೂ ಹಿಡಿಯುತ್ತಿದ್ದಳು.

ಸಿಸ್ಟರ್ ಮಂಚಕ್ಕೆ ನೇತುಹಾಕಿದ್ದ ಕಾಗದವನ್ನು ತಿರುವಿ ನೋಡಿದರು. "ಕೇಸ್ ಶೀಟಲ್ಲಿ 'ರೋಗಿ ಎಣಿಸುತ್ತಾನೆ' ಅಂತ ಬರ್ದಿದ್ದಾರೆ, ಅಷ್ಟೇ," ಎಂದರು. "ಕೆಲಸ ಮಾಡ್ತಿದ್ದಾರೆ ಅಂತ ಯಾರೂ ಬರ್ದಿಲ್ಲ."

ಪಕ್ಕದ ಮಂಚದಲ್ಲಿ ಒಬ್ಬ ನಿವೃತ್ತ ಮೇಷ್ಟ್ರಿದ್ದರು. ಅವರಿಗೆ ಮಕ್ಕಳ ಹೆಸರೆಲ್ಲ ಹೋಗಿ ಬೈಗುಳ ಮಾತ್ರ ಉಳಿದಿತ್ತು. ಜೀವಮಾನದಲ್ಲಿ ಯಾರನ್ನೂ ಏಕವಚನದಲ್ಲಿ ಕರೆಯದವರು ಈಗ ಬಂದವರನ್ನೆಲ್ಲ ಬೈದು ತೊಳೆದು ಹಾಕುತ್ತಿದ್ದರು. ಸೊಸೆ ನಾಚಿಕೆಯಿಂದ ತಲೆ ತಗ್ಗಿಸಿ, "ಇದನ್ನೂ ಬರ್ಕೋತೀರಾ ಸಿಸ್ಟರ್?" ಎಂದಳು.

"ಇದೇ ಮುಖ್ಯ ಕಣಮ್ಮ. ಹೆಸರು ಹೋದ್ರೂ ಬೈಗುಳ ಹೋಗಲ್ಲ. ಯಾಕೆ ಹೋಗಲ್ಲ, ಅದು ನನಗೆ ಬೇಕು."

"ಮಾವನೋರು ಹುಷಾರಾದ್ಮೇಲೆ ಈ ಪುಸ್ತಕ ಅವರ ಕಣ್ಣಿಗೆ ಬೀಳದ ಹಾಗೆ ನೋಡ್ಕೊಳಿ, ಅಷ್ಟು ಪುಣ್ಯ ಕಟ್ಕೊಳಿ."

ಮೂರು ದಿನದಲ್ಲಿ ಹೊಲಿಗೆಯಮ್ಮ ನಕ್ಕಿದ್ದು ಆಗ. ಗಂಡ ಇಪ್ಪತ್ತೆರಡು ದಿನ ಇದ್ದ. ಜೀವ ಹೋಗುವ ದಿನ ಮಧ್ಯಾಹ್ನ ಒಂಬತ್ತರವರೆಗೆ ಎಣಿಸಿ ನಿಲ್ಲಿಸಿದ. ಸಿಸ್ಟರ್ ಅವಳ ಹೆಗಲ ಮೇಲೆ ಕೈಯಿಟ್ಟು ನಿಂತಿದ್ದರು. ಅವರ ಇನ್ನೊಂದು ಕೈಯಲ್ಲಿ ಆ ನೋಟ್‌ಬುಕ್ ಇತ್ತು. ಆ ಒಂಬತ್ತನ್ನೂ ಅವರು ಬರೆದುಕೊಂಡರು.

ಎರಡು ತಿಂಗಳ ನಂತರ ಸಿಸ್ಟರ್ ಬೈಂಡಿಂಗ್ ಅಂಗಡಿಗೇ ಬಂದರು. ಚೀಲದಲ್ಲಿ ಏಳು ನೋಟ್‌ಬುಕ್ಕುಗಳು, ಎಲ್ಲವೂ ಬೆನ್ನು ಬಿಚ್ಚಿ ಜೋತಾಡುತ್ತಿದ್ದವು. ಹದಿನೇಳು ವರ್ಷ ಆ ವಾರ್ಡಿನಲ್ಲಿ ಮಾತು ಕಳೆದುಕೊಂಡವರ ಬಾಯಲ್ಲಿ ಉಳಿದ ಮಾತುಗಳಷ್ಟೂ ಅದರಲ್ಲಿದ್ದವು. ಹೊಲಿಗೆಯಮ್ಮ ಒಂದೊಂದನ್ನೂ ಐದು ತೂತಿನ ಹೊಲಿಗೆ ಹಾಕಿ ಗಟ್ಟಿ ಮಾಡಿದಳು. ಸಾಮಾನ್ಯಕ್ಕೆ ಮೂರು ತೂತು ಸಾಕು. ಐದು ತೂತು ಕೊಟ್ಟು ಮೇಣದ ದಾರ ಎಳೆದರೆ ಪುಸ್ತಕ ಮೊಮ್ಮಕ್ಕಳ ಕಾಲಕ್ಕೂ ಬಿಚ್ಚುವುದಿಲ್ಲ. ಅಲ್ಲಿಂದ ಸಿಸ್ಟರ್ ವಾರಕ್ಕೊಮ್ಮೆಯಾದರೂ ಊಟದ ಹೊತ್ತಿಗೆ ಬರತೊಡಗಿದರು. ಆಸ್ಪತ್ರೆಗೂ ಅಂಗಡಿಗೂ ಎರಡು ರಸ್ತೆಯ ಅಂತರ. ನಡುವೆ ವಿಶ್ವವಿದ್ಯಾಲಯದ ಉದ್ದನೆಯ ಕಬ್ಬಿಣದ ಬೇಲಿ.

ಗಂಡ ಕೂರುತ್ತಿದ್ದ ಜಾಗದಲ್ಲಿ ಮಾಲೀಕ ಒಂದು ಮಡಚುವ ಯಂತ್ರ ತಂದಿಟ್ಟಿದ್ದ. ಅದರ ಎದುರು ಇವಳ ಸ್ಟೂಲು. ಒಮ್ಮೆ ಒಂದು ದಪ್ಪ ರಿಜಿಸ್ಟರಿನಲ್ಲಿ ಇವಳು ಒಂದು ಮಡಿಕೆಯನ್ನು ತಲೆಕೆಳಗಾಗಿ ಹೊಲಿದುಬಿಟ್ಟಳು. ಸಿಸ್ಟರ್ ಅಲ್ಲೇ ಕುಳಿತಿರುವಾಗ ಮಾಲೀಕ ಅದನ್ನು ತಂದು ಅವಳ ಮುಂದೆ ಕುಕ್ಕಿದ.

"ಅಜ್ಜಿ, ಗಿರಾಕಿ ಇದನ್ನ ಶೀರ್ಷಾಸನ ಹಾಕ್ಕೊಂಡು ಓದ್ಬೇಕಾ? ಕಣ್ಣು ಹೋಗಿದ್ರೆ ಹೇಳ್ಬಿಡಿ. ಇನ್ನೊಂದು ಸಲ ಹೀಗಾದ್ರೆ ಈ ಸ್ಟೂಲು ಖಾಲಿ, ಈಗ್ಲೇ ಹೇಳಿರ್ತೀನಿ."

ಅವನು ಒಳಗೆ ಹೋದ ಮೇಲೆ ಹೊಲಿಗೆಯಮ್ಮ ದಾರ ಬಿಚ್ಚುತ್ತ, "ಮನೇಲಿ ಹಗಲು ಹೊತ್ತು ಹೇಗಿರುತ್ತೆ ಅಂತಾನೇ ನನಗೆ ಗೊತ್ತಿಲ್ಲ ಸಿಸ್ಟರ್," ಎಂದಳು. "ಮದುವೆಯಾದ ವಾರಕ್ಕೆ ಇಲ್ಲಿ ಕೂತೋಳು. ಈ ಸ್ಟೂಲು ಹೋದ್ರೆ ನಾನು ಎಲ್ಲಿ ಅಂತ ಕೂರ್ಲಿ?"

ಆ ಮಾತನ್ನು ಸಿಸ್ಟರ್ ಎಲ್ಲಿ ಬರೆದುಕೊಂಡರೆಂದು ಇವಳಿಗೆ ಗೊತ್ತಾಗಿದ್ದು ಬಹಳ ತಡವಾಗಿ.

ನಾಲ್ಕನೆಯ ವರ್ಷ ಸಿಸ್ಟರ್ ಒಂದು ಮಧ್ಯಾಹ್ನ ಮೂರು ಅರ್ಜಿ ಫಾರಂಗಳನ್ನು ತಂದು ಹೊಲಿಗೆಯ ಮೇಜಿನ ಮೇಲೆ ಹರಡಿದರು. ಅವರ ವಯಸ್ಸು ನಲವತ್ತನಾಲ್ಕು ತುಂಬಿ ಎರಡು ತಿಂಗಳು. ನಲವತ್ತೈದರ ನಂತರ ಸ್ನಾತಕೋತ್ತರ ಪದವಿಗೆ ಸೇರಿಸಿಕೊಳ್ಳುವುದಿಲ್ಲ. ಆಸ್ಪತ್ರೆ ಓದಲು ರಜೆ ಕೊಡುವುದು ಜೀವಮಾನಕ್ಕೊಮ್ಮೆ. ಒಬ್ಬರು ಒಂದೇ ಅರ್ಜಿ ಹಾಕಬೇಕು.

"ಇದು ವೈದ್ಯಕೀಯ ವಿಭಾಗದ್ದು," ಎಂದು ಮೊದಲನೆಯದರ ಮೇಲೆ ಬೆರಳಿಟ್ಟರು. "ಇದಕ್ಕೆ ಹಾಕಿದ್ರೆ ಸೀಟು ಗ್ಯಾರಂಟಿ. ಮುಗಿಸಿ ಬಂದ್ರೆ ಮೇಟ್ರನ್ ಕುರ್ಚಿ. ಇದು ಭಾಷೆಯ ವಿಭಾಗದ್ದು, ಸಾಯಂಕಾಲದ ಕ್ಲಾಸು, ಕೆಲಸ ಬಿಡೋದು ಬೇಡ. ಇದು ಮೂರನೇದು, ಈ ವರ್ಷ ಹೊಸದು. ಅಂತರಶಿಸ್ತೀಯ ಅಂತಾರೆ. ಮಾತೂ ಮಿದುಳೂ ಎರಡನ್ನೂ ಸೇರಿಸಿ ಓದೋದು. ಎರಡೂ ವಿಭಾಗದವರು ಕಲಿಸ್ತಾರೆ. ಹತ್ತೇ ಸೀಟು."

"ಎಲ್ಲಿ ಕಲಿಸ್ತಾರೆ?"

"ಅದೇ ಅವರಿಗೂ ಗೊತ್ತಿಲ್ಲ. ವೈದ್ಯಕೀಯ ಕಟ್ಟಡಕ್ಕೆ ಹೋದೆ. ಮಾತಿನ ವಿಷ್ಯ ಅಂದ್ರೆ ರಸ್ತೆ ಆಚೆ ಹೋಗಿ ಅಂದ್ರು. ಆಚೆ ಹೋದ್ರೆ, ಮಿದುಳು ಅಂದ್ರೆ ಈಚೆಯವರದ್ದಮ್ಮ ಅಂದ್ರು. ನಾಲ್ಕು ಸಲ ರಸ್ತೆ ದಾಟಿದೆ ಅಕ್ಕ. ಐದನೇ ಸಲ, ರಸ್ತೆ ಮಧ್ಯದಲ್ಲೇ ಕುರ್ಚಿ ಹಾಕಿ, ಬಸ್ಸುಗಳು ಸುತ್ತಿ ಹೋಗ್ಲಿ ಅನ್ನೋಣ ಅನ್ನಿಸ್ತು."

ಇಬ್ಬರೂ ನಕ್ಕರು. ಆಮೇಲೆ ಹೊಲಿಗೆಯಮ್ಮ ದಬ್ಬಣವನ್ನು ಮೇಣದ ಗಟ್ಟಿಗೆ ಚುಚ್ಚಿಟ್ಟು, "ನಿಮ್ಮ ನೋಟ್‌ಬುಕ್ಕು ಇದಾವಲ್ಲ, ಅವು ಇದರಲ್ಲಿ ಯಾವುದಕ್ಕೆ ಬೇಕಾಗುತ್ತೆ?" ಎಂದು ಕೇಳಿದಳು.

"ಮೊದಲನೇದಕ್ಕೆ ಅರ್ಧ. ಎರಡನೇದಕ್ಕೆ ಇನ್ನರ್ಧ."

"ನಮ್ಮನೆಯವರ ಹದಿನಾರು ಯಾವ ಅರ್ಧದಲ್ಲಿ ಬರುತ್ತೆ?"

ಸಿಸ್ಟರ್ ಫಾರಂಗಳನ್ನು ನೋಡಿದರು. "ಎಣಿಸ್ತಾರೆ ಅನ್ನೋದು ಮೊದಲನೇದರಲ್ಲಿ. ಯಾಕೆ ಅನ್ನೋದು ಎರಡನೇದರಲ್ಲಿ."

"ಹಂಗಾದ್ರೆ ಮೂರನೇದೇ. ಅದರಲ್ಲಿ ಯೋಚಿಸೋದೇನಿದೆ?"

"ಸಿಗದಿದ್ರೆ ಮೂರೂ ಹೋಯ್ತು."

"ಸಿಗುತ್ತೆ ಬಿಡಿ."

ಮೂರನೆಯ ಕ್ಲಾಸು ಓದಿದವಳು ಅಷ್ಟು ಧೈರ್ಯವಾಗಿ ಹೇಳಿದ್ದಳು. ಸಿಸ್ಟರ್ ಎರಡು ಕೈಯ ಬೆರಳುಗಳನ್ನೂ ಒಂದರೊಳಗೊಂದು ಹೆಣೆದು ಅವಳ ಮುಂದೆ ಹಿಡಿದರು. "ನೋಡಿ, ಹೀಗಿರ್ಬೇಕು ಅಕ್ಕ. ಒಂದರೊಳಗೊಂದು. ಅದು ಅಲ್ಲಿ, ಇದು ಇಲ್ಲಿ ಅಂತ ಬೇರೆ ಬೇರೆ ಇಡೋದಾದ್ರೆ ಈ ಕೋರ್ಸೇ ಯಾಕೆ ಬೇಕು?"

ಅರ್ಜಿಯ ಜೊತೆ ಅಭ್ಯರ್ಥಿ ತಾನೇ ಬರೆದ ಒಂದು ಕಿರುಪುಸ್ತಕ ಕೊಡಬೇಕಿತ್ತು. ಎರಡು ಭಾಗ, ಒಂದೊಂದು ವಿಭಾಗಕ್ಕೆ ಒಂದೊಂದು. ಪ್ರತಿ ಭಾಗದ ಪುಟದ ಅಂಕಿ ಒಂದರಿಂದ ಶುರುವಾಗಬೇಕು, ಎರಡನ್ನೂ ಸೇರಿಸಿ ಒಂದೇ ಬೈಂಡು ಮಾಡಿಸಬೇಕು ಎಂದು ನಿಯಮ. ಸಿಸ್ಟರ್ ಐದು ತಿಂಗಳು ಕುಳಿತು ಬರೆದರು. ಕೊಡಬೇಕಾದ ಕೊನೆಯ ದಿನ ಬೆಳಿಗ್ಗೆ, ಟೈಪಾಗಿ ಬಂದ ಹಾಳೆಗಳ ಕಟ್ಟನ್ನು ತಂದು ಹೊಲಿಗೆಯಮ್ಮನ ಕೈಯಲ್ಲಿಟ್ಟರು.

"ಸಾಯಂಕಾಲ ಐದಕ್ಕೆ ಕೊನೆ. ನನಗೆ ಡ್ಯೂಟಿ ಇದೆ. ನೀವೇ ಕೊಟ್ಟು ಬರ್ತೀರಾ?"

"ಕೊಟ್ಟು, ರಸೀತಿ ತರ್ತೀನಿ. ನೀವು ಹೋಗಿ, ಯಾರಾದ್ರೂ ಬೈತಾ ಇರ್ತಾರೆ, ಬರ್ಕೊಳಿ."

ಒಂದು ಬದಿಗೆ ಮಾತ್ರ ಟೈಪಾದ ಹಾಳೆಗಳು. ನಲವತ್ತು ಮತ್ತು ನಲವತ್ತು, ಜೊತೆಗೆ ಭಾಗದ ಹೆಸರು ಹೊತ್ತ ಎರಡು ತಲೆಹಾಳೆ, ಒಟ್ಟು ಎಂಬತ್ತೆರಡು. ಎಣಿಸಿ ಮೇಜಿನ ಮೇಲಿಟ್ಟಳು. ಯಾವಾಗಲೂ ಹಾಳೆಗಳ ಮೇಲಿಡುತ್ತಿದ್ದ ಗಂಡನ ಕಾಲದ ಕಬ್ಬಿಣದ ಗಟ್ಟಿ ಆ ಹೊತ್ತಿಗೆ ಬೇರೊಂದು ಕೆಲಸದ ಅಂಟನ್ನು ಒತ್ತುತ್ತಿತ್ತು. ರಟ್ಟು ಕತ್ತರಿಸಲು ಅವಳು ಆ ಕಡೆ ತಿರುಗಿದ್ದೇ ತಡ, ಮಾಲೀಕ ಸೆಖೆ ಎಂದು ಬಂದು ಫ್ಯಾನಿನ ಗುಂಡಿ ಒತ್ತಿದ. ಎಂಬತ್ತೆರಡು ಹಾಳೆ ಅಂಗಡಿ ತುಂಬ ಹಾರಾಡಿದವು.

ಅವಳು ಮೊಣಕಾಲೂರಿ ಒಂದೊಂದನ್ನೂ ಆರಿಸಿದಳು. ಯಂತ್ರದ ಕೆಳಗಿದ್ದುದನ್ನು ಅಡಿಕೋಲಿನಿಂದ ಎಳೆದಳು. ಮೂರು ಸಲ ಎಣಿಸಿದಳು. ಎಂಬತ್ತೆರಡು. ಆಮೇಲೆ ನಲವತ್ತು ವರ್ಷದಿಂದ ಮಾಡುತ್ತಿದ್ದ ಹಾಗೆ ಕಾಗದದ ಅಡಿಯ ಅಂಕಿ ನೋಡಿ ಜೋಡಿಸಲು ಕುಳಿತಳು. ಒಂದು ಸಿಕ್ಕಿತು. ಇನ್ನೊಂದು ಒಂದೂ ಸಿಕ್ಕಿತು. ಎರಡು, ಇನ್ನೊಂದು ಎರಡು. ಅವಳ ಕೈ ಒಂದು ಗಳಿಗೆ ನಿಂತಿತು. ಸಿಸ್ಟರ್ ಹೆಣೆದು ತೋರಿಸಿದ ಬೆರಳುಗಳು ನೆನಪಾದವು. ಒಂದರೊಳಗೊಂದು. ಅದು ಅಲ್ಲಿ, ಇದು ಇಲ್ಲಿ ಅಂತ ಇಡೋ ಹಾಗಿಲ್ಲ. ಸರಿ ಎಂದುಕೊಂಡಳು. ಎರಡು ತಲೆಹಾಳೆಗಳನ್ನು ಬಾಗಿಲಿನ ಎರಡು ಕದದ ಹಾಗೆ ಮುಂದಿಟ್ಟು, ಒಂದರ ಹಿಂದೆ ಒಂದು, ಎರಡರ ಹಿಂದೆ ಎರಡು, ಹೀಗೆ ನಲವತ್ತರ ಹಿಂದೆ ನಲವತ್ತರವರೆಗೆ ಜೋಡಿಸಿ, ಕುಟ್ಟಿ ಸಮ ಮಾಡಿ, ಐದು ತೂತು ಹಾಕಿ ಹೊಲಿದಳು. ಓದಿ ನೋಡಲಿಲ್ಲ. ಓದುತ್ತ ಕುಳಿತರೆ ಎರಡು ದಿನ ಬೇಕು, ಗಡಿಯಾರ ಆಗಲೇ ಎರಡೂವರೆ ತೋರಿಸುತ್ತಿತ್ತು.

ಬಟ್ಟೆಯ ಬಣ್ಣದ ಪ್ರಶ್ನೆ ಬಂತು. ಆ ಅಂಗಡಿಯಲ್ಲಿ ವೈದ್ಯಕೀಯದವರ ಪುಸ್ತಕಕ್ಕೆ ಹಸಿರು, ಭಾಷೆಯವರದಕ್ಕೆ ಕಂದುಗೆಂಪು. ಅವಳು ರಟ್ಟಿಗೆ ಹಸಿರು ಸುತ್ತಿ, ಬೆನ್ನಿಗೆ ಕಂದುಗೆಂಪು ಅಂಟಿಸಿದಳು.

"ಇದೇನಜ್ಜಿ, ಸರ್ಕಸ್ಸಿನವನ ಟೋಪಿ ಇದ್ದಂಗಿದೆ," ಎಂದ ಮಾಲೀಕ.

"ಎರಡು ಕಟ್ಟಡದ ಪುಸ್ತಕ ಇದು. ನಿಮಗೆ ಗೊತ್ತಾಗಲ್ಲ," ಎಂದು ಅವಳು ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊರಟಳು. ನಾಲ್ಕೂಕಾಲಿಗೆ ವಿಶ್ವವಿದ್ಯಾಲಯದ ಕಚೇರಿಯಲ್ಲಿ ಗುಮಾಸ್ತ ಅದನ್ನು ಲಕೋಟೆಗೆ ಹಾಕಿ, ಅರಗು ಒತ್ತಿ, ರಸೀತಿಗೆ ಮೊಹರು ಹಾಕಿಕೊಟ್ಟ. ಆ ರಸೀತಿಯನ್ನು ವಾರ್ಡಿನ ಬಾಗಿಲಲ್ಲಿ ಸಿಸ್ಟರ್ ಕೈಗೆ ಕೊಟ್ಟಾಗ ಅವಳಿಗೆ ತಾನೇ ಪರೀಕ್ಷೆ ಪಾಸಾದಷ್ಟು ಹಿಗ್ಗು.

ಒಂದೂವರೆ ತಿಂಗಳಾದ ಮೇಲೆ ಒಂದು ವಾರ ಸಿಸ್ಟರ್ ಊಟದ ಹೊತ್ತಿಗೆ ಬರಲಿಲ್ಲ. ಆ ವಾರದಲ್ಲಿ ಎರಡು ಸಲ ಹೊಲಿಗೆಯಮ್ಮ ತಲೆಯೆತ್ತಿದಾಗ ಅವರು ಅಂಗಡಿಯ ಬಾಗಿಲ ಹೊರಗೆ, ಮೆಟ್ಟಿಲ ಕೆಳಗೆ ನಿಂತಿದ್ದರು. ಕಂಕುಳಲ್ಲಿ ಒಂದು ಚೀಲ. "ಯಾಕೆ ಅಲ್ಲೇ ನಿಂತ್ರಿ? ಬನ್ನಿ ಒಳಗೆ," ಎಂದು ಕರೆದಳು. "ಇಲ್ಲ ಅಕ್ಕ, ಹೀಗೇ ಈ ಕಡೆ ಹೋಗ್ತಿದ್ದೆ," ಎಂದು ಹೋದರು. ಎರಡನೆಯ ಸಲವೂ ಅದೇ ಮಾತು.

ಮುಂದಿನ ವಾರ ಬಂದು, ಡಬ್ಬಿ ಬಿಚ್ಚುತ್ತ, ಯಾವುದೋ ಸಣ್ಣ ಸುದ್ದಿ ಹೇಳುವವರಂತೆ, "ಸೀಟು ಸಿಗಲಿಲ್ಲ ಅಕ್ಕ," ಎಂದರು.

"ಯಾಕಂತೆ?"

"ವಯಸ್ಸಾಯ್ತಂತೆ. ಚಿಕ್ಕವರಿಗೆ ಕೊಟ್ರು."

ಹೊಲಿಗೆಯಮ್ಮ ಚಿಕ್ಕವರನ್ನೆಲ್ಲ ಬಾಯಿಗೆ ಬಂದಂತೆ ಬೈದಳು. ಎರಡು ಕಟ್ಟಡಕ್ಕೂ ಬೈದಳು. "ಇರ್ಲಿ ಬಿಡಿ," ಎಂದರು ಸಿಸ್ಟರ್. ಆಮೇಲೆ ಅವರು ಆ ವಾರ್ಡಿನಲ್ಲೇ ಇದ್ದರು. ಮೇಟ್ರನ್ ಆದದ್ದು ಬೇರೆ ಯಾರೋ. ಎಂಟನೆಯ ನೋಟ್‌ಬುಕ್ಕನ್ನು ಅವರು ಹೊಲಿಸಲು ತರಲೇ ಇಲ್ಲ. ಬರೆಯೋದು ಬಿಟ್ರಾ ಎಂದು ಒಮ್ಮೆ ಕೇಳಿದ್ದಕ್ಕೆ, "ಯಾರಿಗೆ ಅಂತ ಬರೀಲಿ?" ಎಂದಿದ್ದರು.

ಹೀಗೆ ಆರು ವರ್ಷ. ಆಮೇಲೆ ಅವರಿಗೆ ರಕ್ತದ ಕಾಯಿಲೆ ಬಂತು. ಆಸ್ಪತ್ರೆಯಲ್ಲಿ ಮೂರು ತಿಂಗಳಿದ್ದು, ಇನ್ನು ಮನೆಯಲ್ಲಿರುತ್ತೇನೆಂದು ತಂಗಿಯ ಮನೆಗೆ ಬಂದರು. ಕಿಟಕಿಯಿರುವ ಒಂದು ಕೋಣೆ, ಮಂಚ, ಮರದ ಬೀರು. ಹೊಲಿಗೆಯಮ್ಮ ಪ್ರತಿ ಭಾನುವಾರ ಮಧ್ಯಾಹ್ನ ಹೋಗಿ ಕಾಲು ಒತ್ತುತ್ತ ಕೂರುತ್ತಿದ್ದಳು.

ಒಂದು ಭಾನುವಾರ ಸಿಸ್ಟರಿಗೆ ಚಳಿ ಹತ್ತಿತು. ತಂಗಿ ಅಡುಗೆಮನೆಯಲ್ಲಿದ್ದಳು. ಶಾಲು ತೆಗೆಯೋಣವೆಂದು ಹೊಲಿಗೆಯಮ್ಮ ತಾನೇ ಬೀರು ತೆಗೆದಳು. ಶಾಲಿನ ಕೆಳಗೆ ಹಸಿರು ರಟ್ಟು, ಕಂದುಗೆಂಪು ಬೆನ್ನು.

ತನ್ನ ಕೈಯ ಹೊಲಿಗೆ ಯಾರಿಗೆ ಗುರುತು ಸಿಗುವುದಿಲ್ಲ? ಅವಳು ಅದನ್ನು ಎತ್ತಿಕೊಂಡು ಬಿಚ್ಚಿದಳು. ಒಳಗೊಂದು ಟೈಪಾದ ಚೀಟಿ. ಹಿಂದಿನಿಂದ ಸಿಸ್ಟರ್, "ಅಕ್ಕ, ಅದು ಬೇಡ, ಇಟ್ಬಿಡಿ," ಎಂದರು. ಅವಳು ಇಡಲಿಲ್ಲ. ಬೆರಳಿಟ್ಟು, ತುಟಿಯಾಡಿಸುತ್ತ, ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದಳು. ಬಹಳ ಹೊತ್ತು ಹಿಡಿಯಿತು. 'ಪುಟಗಳಿಗೆ ಯಾವ ಕ್ರಮವೂ ಇಲ್ಲ. ಒಂದು ಭಾಗದ ವಾಕ್ಯ ಇನ್ನೊಂದು ಭಾಗದ ನಡುವೆ ತುಂಡಾಗಿ ನಿಲ್ಲುತ್ತದೆ. ಅಭ್ಯರ್ಥಿಗೆ ಎರಡು ವಿಷಯಗಳನ್ನು ಹೊಂದಿಸಿ ಯೋಚಿಸುವ ಶಕ್ತಿ ಕಾಣುವುದಿಲ್ಲ.'

ಬೀರುವಿನ ಬಾಗಿಲು ಹಿಡಿದುಕೊಂಡಳು.

"ವಯಸ್ಸು ಅಂದ್ರಲ್ಲ ನೀವು."

ಸಿಸ್ಟರ್ ಪುಸ್ತಕಕ್ಕಾಗಿ ಕೈ ಚಾಚಿದರು.

"ನಾನು ಹೊಲಿದಿದ್ದಾ ತಪ್ಪು? ಹೇಳಿ ಸಿಸ್ಟರ್. ನಾನಾ?"

"ಮೊದಲು ಪೂರ್ತಿ ಒಂದು ಭಾಗ, ಆಮೇಲೆ ಪೂರ್ತಿ ಇನ್ನೊಂದು ಭಾಗ, ಹಾಗಿರ್ಬೇಕಿತ್ತು," ಎಂದರು ಸಿಸ್ಟರ್ ಮೆಲ್ಲಗೆ. "ನಾನು ಹೇಳ್ಬೇಕಿತ್ತು. ಬೆರಳು ಹೆಣೆದು ತೋರಿಸಿದೋಳು ನಾನೇ ಅಲ್ವಾ?"

ಆಮೇಲೆ ಒಂದೊಂದಾಗಿ ಹೊರಬಂತು. ಪುಸ್ತಕ ವಾಪಸು ಕೊಟ್ಟ ಗುಮಾಸ್ತ ಒಳ್ಳೆಯವನು. ಪುಟ ತಿರುವಿ ನೋಡಿ, ಇದು ಬೈಂಡಿನವರ ತಪ್ಪಿದ್ದ ಹಾಗಿದೆ, ಏಳು ದಿನದೊಳಗೆ ಅಂಗಡಿಯ ಕಾಗದದಲ್ಲಿ ತಪ್ಪು ನಮ್ಮದು ಅಂತ ಬರೆಸಿ ತನ್ನಿ, ಮತ್ತೆ ಪರಿಶೀಲನೆಗೆ ಕಳಿಸುತ್ತೇನೆ ಎಂದಿದ್ದ. ಸಿಸ್ಟರ್ ಚೀಲ ಕಂಕುಳಲ್ಲಿಟ್ಟುಕೊಂಡು ಎರಡು ಸಲ ಅಂಗಡಿಯ ಮೆಟ್ಟಿಲವರೆಗೆ ಬಂದಿದ್ದರು.

"ನೀವು ಸ್ಟೂಲಿನ ಮೇಲೆ ಕೂತಿದ್ರಿ," ಎಂದರು. "ಮಾಲೀಕರ ಮಾತು ನನ್ನ ಮುಂದೇನೇ ಆಗಿತ್ತಲ್ಲ. ಕಾಗದ ಕೇಳಿದ್ರೆ ನಿಮ್ಮನ್ನ ಕಳಿಸ್ತಿದ್ರು. ಎರಡನೇ ಸಲ ಬಂದಾಗ ನೀವು ಏನೋ ಗುನುಗ್ತಾ ದಾರಕ್ಕೆ ಮೇಣ ಉಜ್ತಿದ್ರಿ. ನನ್ನ ಕೈಲಾಗಲಿಲ್ಲ."

ಹೊಲಿಗೆಯಮ್ಮನಿಗೆ ಅಳು ಬರಬೇಕಿತ್ತು. ಬಂದದ್ದು ಸಿಟ್ಟು. "ನನ್ನ ಒಂದು ಮಾತು ಕೇಳ್ಬಾರದಿತ್ತಾ? ಇಡೀ ವಾರ್ಡಿಗೆ ಪ್ರಶ್ನೆ ಕೇಳ್ಕೊಂಡು ತಿರುಗಿದೋರು, ನನಗೊಂದು ಕೇಳೋಕಾಗಲಿಲ್ವಾ ನಿಮಗೆ? ಅದು ನನ್ನ ಸ್ಟೂಲು. ಇಟ್ಕೊಳ್ಳೋದೋ ಬಿಡೋದೋ ನಾನು ಹೇಳ್ತಿದ್ದೆ. ನನ್ನ ಬದಲು ನೀವು ಹೇಳಿದ್ರಿ. ಈಗ ನಾನು ಅದರ ಮೇಲೆ ಹೇಗೆ ಕೂರ್ಲಿ, ಅದನ್ನ ಹೇಳಿ."

ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು, ಬರ್ತೀನಿ ಎಂದೂ ಹೇಳದೆ ಹೊರಟಳು. ಬಾಗಿಲ ಬಳಿ ತಂಗಿ ಎದುರಾಗಿ ಏನಾಯ್ತು ಎಂದರೆ, "ನಿಮ್ಮಕ್ಕನ್ನ ಕೇಳಿ," ಎಂದಳು.

ಸೋಮವಾರ ಊಟದ ಹೊತ್ತಿಗೆ ಅವಳು ಆ ಹೊಲಿಗೆಯನ್ನು ಬಿಚ್ಚತೊಡಗಿದಳು. ಮೊಮ್ಮಕ್ಕಳ ಕಾಲಕ್ಕೂ ಬಿಚ್ಚದ ಹೊಲಿಗೆ. ದಾರವನ್ನು ಗಂಟು ಗಂಟಿಗೆ ಕತ್ತರಿಸಿ ಎಳೆಯಬೇಕಾಯಿತು. ಈ ಸಲ ಅಂಕಿಯನ್ನು ನಂಬಲಿಲ್ಲ. ಒಂದೊಂದು ಹಾಳೆಯನ್ನೂ ಬೆರಳಿಟ್ಟು ಓದಿ, ಹಿಂದಿನ ಹಾಳೆಯ ಕೊನೆಯ ಸಾಲು ಮುಂದಿನದರ ಮೊದಲ ಸಾಲಿಗೆ ಕೂಡುತ್ತದೋ ಎಂದು ನೋಡಿ, ಆಮೇಲೆ ಕೆಳಗಿಟ್ಟಳು. ಐದು ದಿನ ಹಿಡಿಯಿತು. ಮೊದಲನೆಯ ಭಾಗದ ಹನ್ನೆರಡನೆಯ ಪುಟದಲ್ಲಿ ಗಂಡ ಸಿಕ್ಕ. 'ರೋಗಿ ಹದಿನಾರರವರೆಗೆ ಎಣಿಸಿ ನಿಲ್ಲಿಸುತ್ತಾನೆ.' ಎರಡನೆಯ ಭಾಗದ ಮೂವತ್ತೊಂದನೆಯ ಪುಟದಲ್ಲಿ ಮತ್ತೆ ಸಿಕ್ಕ. 'ಇದು ಎಣಿಕೆಯಲ್ಲ, ಮಡಿಕೆ. ಇದನ್ನು ನನಗೆ ಹೇಳಿದವರು ಅವನ ಹೆಂಡತಿ. ಹೆಂಡತಿಯನ್ನು ಕೇಳದೆ ಹೋಗಿದ್ದರೆ ಅವನ ಮಾತು ಬರೀ ಅಂಕಿಯಾಗಿ ಉಳಿಯುತ್ತಿತ್ತು.' ಅದನ್ನು ಓದಿ ಅವಳು ಬಹಳ ಹೊತ್ತು ಹಾಳೆಯನ್ನು ಕೈಯಲ್ಲೇ ಹಿಡಿದು ಕುಳಿತಿದ್ದಳು.

ಶನಿವಾರ ಮಾಲೀಕ ಬಂದು, "ಏನಜ್ಜಿ ಅದು, ವಾರದಿಂದ ಓದ್ತಾನೇ ಇದ್ದೀರಿ? ಪರೀಕ್ಷೆ ಕಟ್ಟಿದ್ದೀರಾ?" ಎಂದ.

ಅವಳು ಎಲ್ಲವನ್ನೂ ಹೇಳಿದಳು. ಆರು ವರ್ಷದ ಹಿಂದೆ ಹೀಗೆ ತಪ್ಪು ಹೊಲಿದೆ, ಒಬ್ಬರ ಓದು ಹೋಯಿತು, ನಿಮ್ಮ ಕಾಗದ ಕೇಳಬೇಕಿತ್ತು, ಕೇಳಲಿಲ್ಲ. "ಆವಾಗ ಕೇಳಿದ್ರೆ ಏನ್ಮಾಡ್ತಿದ್ರಿ?"

ಮಾಲೀಕ ತಲೆ ಕೆರೆದುಕೊಂಡ. "ಏನ್ಮಾಡ್ತಿದ್ದೆ? ಒಂದಷ್ಟು ಬೈತಿದ್ದೆ. ಕಾಗದ ಬರ್ದು ಕೊಡ್ತಿದ್ದೆ."

"ನನ್ನನ್ನ ಕಳಿಸ್ತಿರಲಿಲ್ವಾ?"

"ನಿಮ್ಮನ್ನ ಕಳಿಸಿದ್ರೆ ಐದು ತೂತಿನ ಹೊಲಿಗೆ ನಿಮ್ಮ ತಾತ ಬಂದು ಹಾಕ್ತಿದ್ನಾ? ಬಾಯಿಗೆ ಬಂದಿದ್ದೆಲ್ಲ ಮನಸ್ಸಿಗೆ ಹಚ್ಕೊಂಡ್ರೆ ಹೇಗಜ್ಜಿ," ಎಂದು ಅವನು ತನ್ನ ಕೆಲಸಕ್ಕೆ ಹೋದ.

ಅವಳು ಹೊಸ ದಾರಕ್ಕೆ ಮೇಣ ಉಜ್ಜಿದಳು. ಹಳೆಯ ತೂತುಗಳಲ್ಲೇ ದಬ್ಬಣ ತೂರಿಸಿ, ಅದೇ ಹಸಿರು ರಟ್ಟು, ಅದೇ ಕಂದುಗೆಂಪು ಬೆನ್ನು ಕೂರಿಸಿ, ಗಂಡನ ಕಬ್ಬಿಣದ ಗಟ್ಟಿಯನ್ನು ಮೇಲಿಟ್ಟಳು.

ಮರುದಿನ ಭಾನುವಾರ ಅದನ್ನು ತೆಗೆದುಕೊಂಡು ಹೋದಳು. ಅದಾದ ನಾಲ್ಕನೆಯ ದಿನ ಸಿಸ್ಟರ್ ತೀರಿಕೊಂಡರು. ಹಾಗಾಗಿ ಆ ಮಧ್ಯಾಹ್ನದ ಮಾತುಗಳನ್ನು ಹೊಲಿಗೆಯಮ್ಮ ಒಂದೂ ಬಿಡದೆ ನೆನಪಿಟ್ಟುಕೊಂಡಿದ್ದಾಳೆ.

ಸಿಸ್ಟರ್ ದಿಂಬಿಗೊರಗಿ ಕುಳಿತಿದ್ದರು. ವಾರದಲ್ಲೇ ಮುಖ ಅರ್ಧವಾಗಿತ್ತು. "ಬರಲ್ಲ ಅಂದ್ಕೊಂಡಿದ್ದೆ," ಎಂದರು.

"ಬರದೆ ಎಲ್ಲಿ ಹೋಗ್ಲಿ?" ಎಂದು ಅವಳು ಪುಸ್ತಕವನ್ನು ಅವರ ಮಡಿಲಲ್ಲಿಟ್ಟಳು. "ಸರಿ ಮಾಡಿದ್ದೀನಿ. ಈ ಸಲ ಓದಿ ಜೋಡ್ಸಿದೆ. ಪೂರ್ತಿ."

"ಪೂರ್ತಿ ಓದಿದ್ರಾ?"

"ಮೇಷ್ಟ್ರ ಬೈಗುಳಾನೂ ಓದಿದೆ. ಅವರ ಸೊಸೆ ಹೇಳಿದ್ದು ಸರಿ, ಯಾರ ಕಣ್ಣಿಗೂ ಬೀಳಬಾರದು."

ಸಿಸ್ಟರ್ ನಕ್ಕರು, ಕೆಮ್ಮು ಬಂತು. ಅವಳು ಬೆನ್ನು ನೀವಿದಳು. ಅವರು ಮೊದಲ ನಾಲ್ಕು ಪುಟ ತಿರುವಿದರು. ಐದನೆಯದಕ್ಕೆ ಬೆರಳು ಸೋತಿತು. ಅವಳು ತಿರುವಿಕೊಟ್ಟಳು.

"ಮಾಲೀಕರಿಗೆ ಗೊತ್ತಾಯ್ತಾ?"

"ಗೊತ್ತಾಯ್ತು."

"ಏನಂದ್ರು?"

ಹೊಲಿಗೆಯಮ್ಮ ಕಿಟಕಿಯ ಕಡೆ ನೋಡಿದಳು. ಹೊರಗೆ ಯಾರೋ ಸೈಕಲ್ಲಿನ ಚಕ್ರಕ್ಕೆ ಗಾಳಿ ಹಾಕುತ್ತಿದ್ದರು.

"ಆವಾಗ ಗೊತ್ತಾಗಿದ್ರೆ ಅವತ್ತೇ ಮನೆಗೆ ಕಳಿಸ್ತಿದ್ದೆ ಅಂದ್ರು."

"ನೋಡಿದ್ರಾ?" ಎಂದರು ಸಿಸ್ಟರ್. ಅವರ ಮುಖ ಸ್ವಲ್ಪ ಸಡಿಲವಾಯಿತು. "ನಾನು ಹೇಳ್ಲಿಲ್ವಾ?"

"ಹೂಂ. ನೀವು ಹೇಳಿದ್ದೇ ಸರಿ."

ಸಿಸ್ಟರ್ ಕಣ್ಣು ಮುಚ್ಚಿದರು. ನಿದ್ದೆ ಹತ್ತಿತೇನೋ ಎಂದು ಅವಳು ಶಾಲು ಎಳೆದು ಹೊದಿಸಿದಳು. ಅವರು ಮಲಗಿರಲಿಲ್ಲ.

"ಅಕ್ಕ, ಆ ಚೀಟಿ ಎಲ್ಲಿ?"

"ಇಲ್ಲೇ ಇದೆ, ರಟ್ಟಿನ ಒಳಗೆ. ಹರಿದು ಹಾಕ್ಲಾ?"

"ಬೇಡ. ಕೊನೆ ಸಾಲು ನೆನಪಿದ್ಯಾ? ಹೊಂದಿಸಿ ಯೋಚಿಸುವ ಶಕ್ತಿ ಇಲ್ಲ ಅಂತ. ಸೀಟು ಹೋಗಿದ್ದು ಆರು ತಿಂಗಳಿಗೆ ಮರೆತ್ಹೋಯ್ತು. ಆ ಸಾಲು ಮಾತ್ರ ದಿನಾ ನೆನಪಾಗೋದು. ರೋಗಿ ಹತ್ರ ಹೋಗಿ ಪೆನ್ನು ತೆಗೆದ್ರೆ ಸಾಕು, ನೆನಪಾಗೋದು."

ಸಿಸ್ಟರ್ ಚೀಟಿಯನ್ನು ಹೊರಗೆಳೆದು, ತಲೆದಿಂಬಿನ ಅಡಿಯಿಂದ ತಮ್ಮ ಹಳೆಯ ಪೆನ್ನು ತೆಗೆದು, ಎರಡನ್ನೂ ಅವಳ ಮುಂದೆ ಹಿಡಿದರು. ಆ ಮೂರು ಸಾಲಿನ ಕೆಳಗೆ ಚೀಟಿಯಲ್ಲಿ ಒಂದು ಗೇಣು ಜಾಗ ಖಾಲಿ ಇತ್ತು.

"ಅವತ್ತು ಒಂದು ಮಾತು ಕೇಳ್ಲಿಲ್ಲ ಅಂತ ಬೈದ್ರಲ್ಲ," ಎಂದರು. "ಈಗ ಕೇಳ್ತೀನಿ. ಪುಟಗಳು ಮೊದಲು ಸರಿಯಾಗೇ ಇದ್ದವು ಅಂತ, ಇದರ ಕೆಳಗೆ, ನಿಮ್ಮ ಕೈಯಲ್ಲೇ ಬರ್ದುಕೊಡ್ತೀರಾ?"